ನಮ್ಮ ದವಾಖಾನೆಗಳಿಗೆ ಇದು ಬೇಡ ಎನ್ನುವವರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸರ್ಕಾರಿ ದವಾಖಾನೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್‌ಗಳಲ್ಲಿ ಹಿರಿಯರು ಕಿರಿಯ ಸಿಬ್ಬಂದಿಯೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಬರೆದಿಟ್ಟ ನಿಯಮ ಇರಬೇಕು. ಅದನ್ನು ಮುರಿದವರ ಮೇಲೆ ದೂರು ಕೊಡಲು ಒಂದು ಸಮಿತಿ ಇರಬೇಕು, ಅದರಲ್ಲಿ ದವಾಖಾನೆಯ ಸಂಬಳ ತಿನ್ನದ ಒಬ್ಬರಾದರೂ ಕೂತಿರಬೇಕು. ಕೇಳುತ್ತಿರುವುದು ಇಷ್ಟೇ. ಇಷ್ಟು ಕೇಳಿದರೂ ಸಾಕು, ಡಾಕ್ಟರುಗಳಿಂದ, ಆಡಳಿತ ಮಂಡಳಿಯ ಹಿರಿಯರಿಂದ, ನಿವೃತ್ತ ನೌಕರರಿಂದ, ಎಷ್ಟೋ ಸಲ ನರ್ಸ್‌ಗಳ ತಂದೆ-ತಾಯಿಯಿಂದಲೇ ಅವೇ ಆಕ್ಷೇಪಗಳು ಬರುತ್ತವೆ. ಅವರೆಲ್ಲ ಕೆಟ್ಟವರಲ್ಲ. ಹೆಚ್ಚಿನವರು ದವಾಖಾನೆ ನಡೆಯಲಿ, ಹುಡುಗಿಯರ ಬದುಕು ಕೆಡದಿರಲಿ ಎಂದೇ ಮಾತಾಡುತ್ತಾರೆ. ಆದರೆ ಅವರ ಒಂದೊಂದು ಮಾತನ್ನೂ ಬಿಡಿಸಿ ನೋಡಿದರೆ ಕಾಪಾಡಲ್ಪಡುತ್ತಿರುವುದು ಹಿರಿಯನ ಕುರ್ಚಿ ಮಾತ್ರ.

“ಇದು ಶಹರದ ಕಾನೂನರೀ. ಬೆಂಗಳೂರು, ಮುಂಬೈ ಕಂಪನಿಗಳಿಗೆ ಮಾಡಿದ್ದು. ನಮ್ಮ ಕಡೆ ದವಾಖಾನ್ಯಾಗ ಎಲ್ಲಾರೂ ಒಂದ ಮನೀ ಮಂದಿ ಇದ್ದಂಗ ಇರತಾರ.”

ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಈ ಕಾನೂನು ಯಾವ ಕಂಪನಿಯಲ್ಲೂ ಹುಟ್ಟಿದ್ದಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಅದರ ಬೇರಿದೆ. ಭಂವರಿ ದೇವಿ ಅಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆ. ಮನೆಮನೆಗೆ ಹೋಗಿ ತಿಳಿಹೇಳುವ ಕೆಲಸ, ಕೈಗೆ ಬರುವುದು ಅಲ್ಪ ಗೌರವಧನ. ನಮ್ಮ ಆಶಾ ಕಾರ್ಯಕರ್ತೆಯರನ್ನು ಕಣ್ಮುಂದೆ ತಂದುಕೊಂಡರೆ ಆಕೆಯ ಸ್ಥಿತಿ ಅರ್ಥವಾಗುತ್ತದೆ. ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡಿದ್ದಕ್ಕೆ 1992ರ ಸೆಪ್ಟೆಂಬರ್‌ನಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಕೊಟ್ಟ ಸರ್ಕಾರ ಆಕೆಯ ರಕ್ಷಣೆ ತನ್ನ ಹೊಣೆ ಎಂದುಕೊಳ್ಳಲಿಲ್ಲ. ಅಲ್ಲಿಂದ ಹೊರಟ ವಿಶಾಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1997ರ ಆಗಸ್ಟ್ 13ರಂದು ಮಾರ್ಗಸೂಚಿ ಕೊಟ್ಟಿತು. ಅದು ಪೂರ್ಣ ಕಾಯ್ದೆಯಾಗಲು 2013ರವರೆಗೆ ಕಾಯಬೇಕಾಯಿತು. ಆ ಕಾಯ್ದೆ ‘ಕೆಲಸದ ಸ್ಥಳ’ ಯಾವುದು ಎಂದು ಹೇಳುವಾಗ ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳನ್ನು ಹೆಸರು ಹಿಡಿದೇ ಹೇಳುತ್ತದೆ. ‘ನೌಕರ’ ಯಾರು ಎನ್ನುವಾಗ ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆದಾರನ ಮೂಲಕ ಬಂದವರು, ತರಬೇತಿಯಲ್ಲಿರುವವರು ಎಲ್ಲರನ್ನೂ ಸೇರಿಸುತ್ತದೆ. ಏಜೆನ್ಸಿಯಿಂದ ಬಂದ ಆಯಾಳೂ ಸರಿ, ಪ್ರಾಕ್ಟಿಕಲ್‌ಗೆ ಬಂದ ನರ್ಸಿಂಗ್ ವಿದ್ಯಾರ್ಥಿನಿಯೂ ಸರಿ. ಕೆಲಸಕ್ಕಾಗಿ ಹೊರಗೆ ಹೋದ ಜಾಗ, ದವಾಖಾನೆ ಕೊಟ್ಟ ಗಾಡಿಯೂ ಕೆಲಸದ ಸ್ಥಳವೇ. ಹಳ್ಳಿಗೆ ಲಸಿಕೆ ಹಾಕಲು ಹೋಗುವ ಜೀಪು ಅದರೊಳಗೆ ಬಂತು.

ಇನ್ನು ‘ಒಂದೇ ಮನೆ’ ಎಂಬ ಮಾತು. ಮನೆ ಅಂದಮೇಲೆ ಯಜಮಾನ ಇದ್ದೇ ಇರುತ್ತಾನೆ. ದೂರು ಯಜಮಾನನ ಮೇಲೆಯೇ ಇದ್ದರೆ ಕಿರಿ ಸೊಸೆ ಯಾರ ಹತ್ತಿರ ಹೋಗಬೇಕು? ಸಾಹೇಬರ ಕೈಯಲ್ಲಿ ಏನೇನಿದೆ ನೋಡಿ. ಡ್ಯೂಟಿ ಚಾರ್ಟ್ ಬರೆಯುವವರು ಅವರು ಅಥವಾ ಅವರ ಮಾತು ಕೇಳುವವರು. ರಜೆಗೆ ಸಹಿ ಅವರದ್ದು. ಗುತ್ತಿಗೆ ನರ್ಸ್‌ನ ಕೆಲಸ ಮುಂದಿನ ವರ್ಷಕ್ಕೆ ಮುಂದುವರಿಯಬೇಕಾದರೆ ‘ಕೆಲಸ ತೃಪ್ತಿಕರ’ ಎಂದು ಬರೆಯಬೇಕಾದವರು ಅವರು. ಖಾಸಗಿ ನರ್ಸಿಂಗ್ ಹೋಮ್ ಬಿಟ್ಟು ಹೋಗುವವಳಿಗೆ ಅನುಭವದ ಸರ್ಟಿಫಿಕೇಟ್ ಅವರಿಂದಲೇ ಬರಬೇಕು. ಮೂಲ ಅಂಕಪಟ್ಟಿಗಳನ್ನು ಮಾಲೀಕರ ಕಪಾಟಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಕೆಲವೆಡೆ ಇದೆ. ಇಷ್ಟು ಹಗ್ಗ ಕೈಯಲ್ಲಿ ಹಿಡಿದವರು ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ “ಊಟ ಆಯ್ತಾ?” ಎಂದು ಕೇಳಿದರೆ, ಕೇಳಿಸಿಕೊಂಡವಳಿಗೆ ಅದು ಕುಶಲ ಪ್ರಶ್ನೆಯಾಗಿ ಕಾಣುವುದಿಲ್ಲ.

“ಇಬ್ಬರೂ ಒಪ್ಪಿಕೊಂಡಿದ್ದರ ನಿಮಗ್ಯಾಕ? ಅಕಿ ನಕ್ಕೋತ ಮಾತಾಡತಿದ್ದಳಲ್ಲ?”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು, ಎಲ್ಲಕ್ಕಿಂತ ಹೆಚ್ಚು ಉತ್ತರ ಬೇಡುವುದೂ ಇದೇ. ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಒಬ್ಬ ಡಾಕ್ಟರೂ ಒಬ್ಬ ನರ್ಸೂ ಪ್ರೀತಿಸಿ ಮದುವೆಯಾದರೆ ಬೇಡ ಎನ್ನುವವರು ಯಾರು? ಎಷ್ಟೋ ಒಳ್ಳೆಯ ಸಂಸಾರಗಳು ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ಶುರುವಾಗಿವೆ. ಪ್ರಶ್ನೆ ಬೇರೆ. ಒಬ್ಬರ ಅನ್ನ ಇನ್ನೊಬ್ಬರ ಸಹಿಯಲ್ಲಿ ಇರುವಾಗ ಆ ಒಪ್ಪಿಗೆಯನ್ನು ಅಳೆಯುವುದು ಹೇಗೆ? ಬೇಡ ಎಂದರೆ ಏನೂ ಕಳೆದುಕೊಳ್ಳದವಳು ಬೇಕು ಎಂದರೆ ಅದು ಒಪ್ಪಿಗೆ. ಬೇಡ ಎಂದರೆ ಮುಂದಿನ ತಿಂಗಳಿಡೀ ನೈಟ್ ಡ್ಯೂಟಿ, ಬೇಡ ಎಂದರೆ ದೂರದ ಉಪಕೇಂದ್ರಕ್ಕೆ ನಿಯೋಜನೆ ಎಂದು ಗೊತ್ತಿರುವವಳ ನಗೆಯನ್ನು ಹಾಗೆ ಎಣಿಸಲಾಗದು. ಮೇಲಧಿಕಾರಿಯ ಎದುರು ನಗುವುದು ನಮ್ಮ ಕಚೇರಿಗಳಲ್ಲಿ ಅರ್ಧ ನೌಕರಿ. ಗಂಡಸು ಗುಮಾಸ್ತರೂ ಸಾಹೇಬರ ಹಳಸಲು ಜೋಕಿಗೆ ನಗುತ್ತಾರೆ. ಅವರನ್ನು ಯಾರೂ ‘ಒಪ್ಪಿಕೊಂಡಿದ್ದಾನೆ’ ಎನ್ನುವುದಿಲ್ಲ.

ಕಾನೂನು ಇದನ್ನು ನಮಗಿಂತ ಮೊದಲೇ ಗುರುತಿಸಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 68ನೆಯ ಕಲಮು ಅಧಿಕಾರದ ಸ್ಥಾನದಲ್ಲಿರುವವನು ಆ ಸ್ಥಾನವನ್ನು ದುರುಪಯೋಗ ಮಾಡಿ ಹೆಂಗಸನ್ನು ಪುಸಲಾಯಿಸಿ ಲೈಂಗಿಕ ಸಂಬಂಧಕ್ಕೆ ಎಳೆದರೆ, ಅದು ಅತ್ಯಾಚಾರದ ವ್ಯಾಖ್ಯೆಗೆ ಬಾರದಿದ್ದರೂ, ಐದರಿಂದ ಹತ್ತು ವರ್ಷ ಕಠಿಣ ಸಜೆ ಎನ್ನುತ್ತದೆ. ಜೈಲಿನ ಅಧಿಕಾರಿ, ಸರ್ಕಾರಿ ನೌಕರರ ಜೊತೆಗೆ ಆಸ್ಪತ್ರೆಯ ಆಡಳಿತದವರು ಮತ್ತು ಸಿಬ್ಬಂದಿಯ ಹೆಸರೂ ಆ ಕಲಮಿನಲ್ಲಿದೆ. ಹಳೆಯ ದಂಡಸಂಹಿತೆಯಲ್ಲಿ 376ಸಿ ಎಂದಿದ್ದದ್ದೇ ಇದು. ಅಂದರೆ ‘ಅವಳು ಒಪ್ಪಿದ್ದಳು’ ಎಂಬ ಒಂದೇ ಮಾತಿನಿಂದ ವಿಚಾರ ಮುಗಿಯುವುದಿಲ್ಲ. ಆ ಒಪ್ಪಿಗೆ ಎಲ್ಲಿಂದ ಬಂತು ಎಂದೂ ಕೋರ್ಟು ಕೇಳುತ್ತದೆ.

ವೈದ್ಯ ವೃತ್ತಿಯ ಸ್ವಂತ ನಿಯಮಪುಸ್ತಕದಲ್ಲೇ ಇಲ್ಲೊಂದು ಖಾಲಿ ಜಾಗವಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳು ರೋಗಿಯೊಡನೆ ಅನುಚಿತವಾಗಿ ನಡೆದುಕೊಳ್ಳುವುದನ್ನು ವೃತ್ತಿಯ ದುರುಪಯೋಗ ಎಂದು ನೇರವಾಗಿ ಹೇಳುತ್ತವೆ. ಆದರೆ ಆ ಕಲಮು ನಿಲ್ಲುವುದು ರೋಗಿಯ ಹತ್ತಿರ. ಪಕ್ಕದಲ್ಲಿ ಟ್ರೇ ಹಿಡಿದು ನಿಂತ ನರ್ಸ್ ಅದರಲ್ಲಿಲ್ಲ. ಬದಲಿಗೆ ಬರಬೇಕಿದ್ದ ಹೊಸ ನಿಯಮಾವಳಿ 2023ರ ಆಗಸ್ಟ್‌ನಲ್ಲಿ ಪ್ರಕಟವಾಗಿ, ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಬ್ರಿಟನ್ನಿನ ವೈದ್ಯ ಮಂಡಳಿ 2024ರ ಜನವರಿಯಿಂದ ಜಾರಿಗೆ ತಂದ ನಿಯಮದಲ್ಲಿ ಸಹೋದ್ಯೋಗಿಗಳೊಡನೆ ಲೈಂಗಿಕ ಅನುಚಿತ ವರ್ತನೆ ಕೂಡದು ಎಂದು ಬಿಡಿಸಿ ಬರೆದಿದೆ. ಅಲ್ಲಿಯ ವೈದ್ಯರು ನಮ್ಮವರಿಗಿಂತ ಕೆಟ್ಟವರು ಎಂದು ಬರೆದದ್ದಲ್ಲ. 2023ರಲ್ಲಿ ಅಲ್ಲಿ ಹೊರಬಂದ ಒಂದು ಸಮೀಕ್ಷೆಯಲ್ಲಿ ಉತ್ತರಿಸಿದ ಮಹಿಳಾ ಶಸ್ತ್ರವೈದ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರದಷ್ಟು ಜನ ಸಹೋದ್ಯೋಗಿಗಳಿಂದ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ‘ಓದಿದವರಲ್ಲಿ ಇಂಥದ್ದೆಲ್ಲ ನಡೆಯೋದಿಲ್ಲ’ ಎನ್ನುವ ನಮ್ಮ ಹಿರಿಯರಿಗೆ ಇದೂ ಉತ್ತರವಾದೀತು.

ಹಾಗಾದರೆ ಪ್ರೀತಿಸಿದವರು ಏನು ಮಾಡಬೇಕು? ಬಹಳ ಸರಳ. ಹಿರಿಯರಾದವರು ಆಡಳಿತಕ್ಕೆ ತಿಳಿಸಬೇಕು, ಆಕೆಯ ರಜೆ, ಡ್ಯೂಟಿ, ವರದಿಗಳ ಸಹಿಯನ್ನು ಬೇರೆಯವರಿಗೆ ಒಪ್ಪಿಸಬೇಕು. ಹೇಳಲು ಹಿಂಜರಿಯುವ ಸಂಬಂಧವಾದರೆ ಹಿಂಜರಿಕೆ ಯಾಕೆ ಎಂದು ಅವರೇ ಕೇಳಿಕೊಳ್ಳಲಿ.

“ಸುಳ್ಳು ದೂರು ಕೊಟ್ಟು ಡಾಕ್ಟರರ ಮರ್ಯಾದಿ ಕಳೀತಾರ. ನೈಟ್ ಡ್ಯೂಟಿ ಹಾಕಿದ್ದಕ್ಕ ಸಿಟ್ಟಾಗಿ ಬರದು ಕೊಡತಾರ.”

ಈ ಭಯ ನಿಜವಾದದ್ದು. ತಳ್ಳಿಹಾಕುವುದಿಲ್ಲ. ಸಣ್ಣ ಊರಿನಲ್ಲಿ ಒಬ್ಬ ವೈದ್ಯರ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗಿಬಿಡಬಹುದು. ಆದರೆ ಭಯಕ್ಕೆ ಮದ್ದು ಯಾವುದು? ಸಮಿತಿ ಇಲ್ಲದ ಊರಿನಲ್ಲಿ ಮಾತು ಚಹಾದಂಗಡಿಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಡಾಕ್ಟರರಿಗೆ ವಾದ ಮಂಡಿಸಲು ಅವಕಾಶ ಇಲ್ಲ, ಸಾಕ್ಷಿಯನ್ನು ಪ್ರಶ್ನಿಸಲು ಅವಕಾಶ ಇಲ್ಲ. ಸಮಿತಿಯಲ್ಲಿ ಇವೆರಡೂ ಇವೆ. ವಿಚಾರಣೆಯ ವಿಷಯ, ಇಬ್ಬರ ಹೆಸರು ಹೊರಗೆ ಬಿಡಕೂಡದು ಎಂದು 2013ರ ಕಾಯ್ದೆಯ 16ನೆಯ ಕಲಮು ಹೇಳುತ್ತದೆ, ಬಿಟ್ಟವರಿಗೆ ದಂಡ. ಗೊತ್ತಿದ್ದೂ ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೂ 14ನೆಯ ಕಲಮಿನಲ್ಲಿ ದಾರಿಯಿದೆ. ಆದರೆ ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಸುಳ್ಳಾಗುವುದಿಲ್ಲ ಎಂಬುದೂ ಅದೇ ಕಲಮಿನಲ್ಲಿದೆ. ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ನ್ಯಾಯಾಲಯಗಳು ಹೆಂಗಸರ ಪಕ್ಷ ಎಂದು ಗೊಣಗುವವರು ಗೋವಾ ವಿಶ್ವವಿದ್ಯಾಲಯದ ಔರೆಲಿಯಾನೊ ಫರ್ನಾಂಡಿಸ್ ಪ್ರಕರಣ ಓದಬೇಕು. ವಿದ್ಯಾರ್ಥಿನಿಯರು ದೂರಿದ್ದ ಆ ಪ್ರಾಧ್ಯಾಪಕರನ್ನು ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿ ತಪ್ಪಿತಸ್ಥರೆಂದಿತ್ತು, ಅವರು ಕೆಲಸ ಕಳೆದುಕೊಂಡಿದ್ದರು. 2023ರ ಮೇ 12ರಂದು ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠ ಆರೋಪಿಗೆ ತನ್ನ ಮಾತು ಹೇಳಲು ನ್ಯಾಯವಾದ ಅವಕಾಶ ಸಿಕ್ಕಿಲ್ಲವೆಂದು ಆ ಕ್ರಮವನ್ನು ರದ್ದು ಮಾಡಿ ಹೊಸದಾಗಿ ವಿಚಾರಿಸಲು ಹೇಳಿತು. ಅದೇ ತೀರ್ಪಿನಲ್ಲಿ, ದೇಶದ ತುಂಬ ಸಮಿತಿಗಳಿಲ್ಲ, ಇರುವಲ್ಲಿ ನೆಟ್ಟಗಿಲ್ಲ ಎಂದು ಬೇಸರಪಟ್ಟು ಕಾಯ್ದೆಯನ್ನು ಬಿಗಿಯಾಗಿ ಜಾರಿಮಾಡಲು ನಿರ್ದೇಶನವನ್ನೂ ಕೊಟ್ಟಿತು. ಆರೋಪಿಗೆ ನ್ಯಾಯ, ದೂರುದಾರಳಿಗೆ ದಾರಿ, ಎರಡೂ ಒಂದೇ ಹಾಳೆಯಲ್ಲಿ ಇವೆ. ಸುಳ್ಳು ದೂರಿಗೆ ನಿಜವಾಗಿ ಹೆದರುವ ವೈದ್ಯರು ಸಮಿತಿ ಬೇಕೆಂದು ನಮಗಿಂತ ಮುಂದೆ ನಿಂತು ಕೇಳಬೇಕಾಗಿತ್ತು.

“ಬೈಸಿಕೊಂಡs ಕಲಿಬೇಕು. ನಾವೂ ಹಂಗs ಕಲತವರು.”

ರಕ್ತದ ಬಾಟಲಿ ತಪ್ಪು ಹಾಸಿಗೆಗೆ ಹೋಗುವ ಮುನ್ನ ಕಿರುಚಿ ತಡೆದ ಸಿಸ್ಟರ್ ಮೇಲೆ ಯಾರೂ ದೂರು ಕೊಡುವುದಿಲ್ಲ. ದವಾಖಾನೆಯಲ್ಲಿ ಧ್ವನಿ ಏರುತ್ತದೆ, ಏರಬೇಕಾದ ಹೊತ್ತುಗಳೂ ಇವೆ. ಕಲಿಸುವ ಬೈಗುಳ ಕೆಲಸದ ಮೇಲೆ ಇರುತ್ತದೆ. “ಸಿರಿಂಜ್ ಹಿಡಿಯೋದು ಹಿಂಗಲ್ಲ” ಎಂದರೆ ಪಾಠ. “ನಿಮ್ಮಂಥ ಮಂದಿ ಕೋಟಾದಾಗ ಬಂದರ ಹಿಂಗs” ಎಂದರೆ ಅದು ಪಾಠವಲ್ಲ, ಅಪರಾಧ. 2019ರ ಮೇ 22ರಂದು ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ಜಳಗಾವ ಕಡೆಯ ಆದಿವಾಸಿ ಸಮುದಾಯದ ಹುಡುಗಿ. ಜಾತಿ ಎತ್ತಿ ಹೀಯಾಳಿಸಿದ ಆರೋಪದ ಮೇಲೆ ಬಂಧಿತರಾದವರು ಮೂವರು ಹಿರಿಯ ವೈದ್ಯೆಯರು. ಮೂವರೂ ಹೆಂಗಸರೇ. ಆದ್ದರಿಂದ ಇದನ್ನು ಗಂಡು-ಹೆಣ್ಣಿನ ಜಗಳ ಮಾಡಬೇಡಿ. ಮೇಲೆ ಕೂತವರು ಕೆಳಗಿನವರಿಗೆ ಏನು ಮಾಡಬಹುದು, ಏನು ಮಾಡಬಾರದು ಎಂಬುದೇ ಇಲ್ಲಿಯ ಮಾತು.

ಆ ಮಾತಿಗೆ ಸಣ್ಣವೆಂದು ನಾವು ಬಿಟ್ಟಿರುವ ಸಂಗತಿಗಳೂ ಸೇರುತ್ತವೆ. ಡಿ ಗ್ರೂಪ್ ನೌಕರನ ಕೈಯಿಂದ ಸಾಹೇಬರ ಕಾರು ತೊಳೆಸುವುದು, ಸಂತೆಯಿಂದ ಕಾಯಿಪಲ್ಲೆ ತರಿಸುವುದು, ಆಯಾಳನ್ನು ಮನೆಯ ಹಬ್ಬದ ಅಡಿಗೆಗೆ ಕರೆಯುವುದು. “ಅವರೇ ಪ್ರೀತಿಲಿಂದ ಬರತಾರರೀ” ಎಂಬ ಉತ್ತರ ಇಲ್ಲೂ ಸಿದ್ಧ. ನಿವೃತ್ತರಾದ ಮೇಲೆ ಅದೇ ಸಾಹೇಬರ ಮನೆಗೆ ಆಕೆ ಅದೇ ಪ್ರೀತಿಯಿಂದ ಹೋಗುತ್ತಾಳೋ ನೋಡಿ. 2013ರ ಕಾಯ್ದೆ ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ ಇರುವುದರಿಂದ, ಕಾರು ತೊಳೆಯುವ ಹುಡುಗನಿಗೆ ಆ ಬಾಗಿಲೂ ಇಲ್ಲ. ದವಾಖಾನೆಗೆ ತನ್ನದೇ ಲಿಖಿತ ನಿಯಮ ಬೇಕು ಎನ್ನುವುದು ಇದಕ್ಕೇ.

“ಹಿಂಗ ಮಾಡಿದರ ಇದ್ದ ಒಬ್ಬ ಡಾಕ್ಟರೂ ಓಡಿ ಹೋಗತಾರ.”

ತಾಲ್ಲೂಕು ಮಟ್ಟಕ್ಕೆ ತಜ್ಞ ವೈದ್ಯರು ಬರುವುದು ಕಷ್ಟ, ಒಪ್ಪಿದೆ. ಅರಿವಳಿಕೆ ತಜ್ಞರೊಬ್ಬರು ಇಲ್ಲದಿದ್ದರೆ ಹೆರಿಗೆ ನೋವಿನವಳನ್ನು ಅರ್ಧರಾತ್ರಿ ಬೆಳಗಾವಿಗೆ ಕಳಿಸಬೇಕಾಗುತ್ತದೆ. ಆದರೆ ಲೆಕ್ಕ ಪೂರ್ತಿ ಹಾಕಿ. ಬೆಳಗಿನ ಜಾವ ಮೂರಕ್ಕೆ ಹೆರಿಗೆ ಕೋಣೆಯಲ್ಲಿ ಇರುವವಳು ಯಾರು? ಅವಳು ಬೇಸತ್ತು ಬಿಟ್ಟು ಹೋದರೆ ಅಥವಾ ಸಾಹೇಬರ ಮುಖ ನೋಡಬಾರದೆಂದು ಫೋನ್ ಮಾಡಲು ಹಿಂಜರಿದರೆ ಸಾಯುವವರು ಯಾರು? ಬಿ.ಪಿ. ಇಳಿಯುತ್ತಿದೆ ಎಂದು ಹೇಳಲು ಕಿರಿಯಳಿಗೆ ಧೈರ್ಯ ಇರಬೇಕು, ಹೇಳಿದಾಗ ಹಿರಿಯ ಕೇಳಬೇಕು. ಭಯ ಇರುವ ವಾರ್ಡಿನಲ್ಲಿ ಈ ಮಾತು ತಡವಾಗುತ್ತದೆ. ಆ ತಡದ ಬೆಲೆಯನ್ನು ತೆರುವುದು ಕೌಜಲಗಿಯಿಂದಲೋ ಯಮಕನಮರಡಿಯಿಂದಲೋ ಬಂದ ಬಾಣಂತಿ.

ಮತ್ತೆ, ದೂರು ಬಂದ ಕೂಡಲೇ ವೈದ್ಯರನ್ನು ಓಡಿಸಿ ಎಂದು ಯಾರೂ ಹೇಳಿಲ್ಲ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ನಡುವೆ ದೂರುದಾರಳು ಕೇಳಿದರೆ ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಹಾಕಬಹುದು, ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಈಗ ಏನು ನಡೆಯುತ್ತಿದೆ? ಕೇಳದೆಯೇ ಆಕೆಯನ್ನು ಎತ್ತಿ ದೂರ ಹಾಕುತ್ತಾರೆ. ವರ್ಗಾವಣೆಯ ಪತ್ರದಲ್ಲಿ ‘ಆಡಳಿತಾತ್ಮಕ ಕಾರಣ’ ಎಂದಿರುತ್ತದೆ. ಊರಿನವರು ಅದಕ್ಕೆ ತಮ್ಮದೇ ಅರ್ಥ ಕಟ್ಟುತ್ತಾರೆ.

“ಹೆಣ್ಣಮಕ್ಕಳಿಗೆ ನೈಟ್ ಡ್ಯೂಟಿನs ಹಾಕಬ್ಯಾಡ್ರಿ, ಮುಗೀತು.”

ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ 2024ರ ಆಗಸ್ಟ್ 9ರಂದು, ದೀರ್ಘ ಡ್ಯೂಟಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಹಾಲಿಗೆ ಹೋಗಿದ್ದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಕೊಂದದ್ದು ಗೊತ್ತಾದ ಮೇಲೆ ಪಶ್ಚಿಮ ಬಂಗಾಳ ಸರ್ಕಾರಕ್ಕೂ ಇದೇ ಉಪಾಯ ಹೊಳೆದಿತ್ತು. ಸುಪ್ರೀಂ ಕೋರ್ಟ್ ಆಕ್ಷೇಪಿಸಿತು, ರಕ್ಷಣೆ ಕೊಡುವುದು ನಿಮ್ಮ ಕೆಲಸ, ರಾತ್ರಿ ದುಡಿಯಬೇಡಿ ಎನ್ನುವಂತಿಲ್ಲ ಎಂದಿತು. ನರ್ಸಿಂಗ್ ಬಹುಪಾಲು ಹೆಂಗಸರ ವೃತ್ತಿ. ಅವರನ್ನು ಸಂಜೆ ಮನೆಗೆ ಕಳಿಸಿದರೆ ದವಾಖಾನೆಗೆ ಬೀಗ ಹಾಕಬೇಕು. ಬೇಕಾಗಿರುವುದು ಒಳಗಿನಿಂದ ಚಿಲಕ ಬೀಳುವ ಡ್ಯೂಟಿ ಕೋಣೆ, ಬಟ್ಟೆ ಬದಲಿಸಲು ಒಂದು ಜಾಗ, ಓಣಿಯಲ್ಲಿ ದೀಪ. ಇಷ್ಟರ ಮೇಲೆ ಚರ್ಚೆ ಬೇಡ.

“ಊರಾಗ ದವಾಖಾನಿ ಹೆಸರು ಕೆಡತೈತಿ. ಆ ಹುಡುಗೀದರ ನಾಳೆ ಲಗ್ನ ಆಗಬೇಕಲ್ಲ?”

ಬಟ್ಟೆ ಬದಲಿಸುವ ಜಾಗ ಎಂದೆನಲ್ಲ, ಅದಕ್ಕೆ ಕಾರಣವಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ಸಫಾಯಿ ನೌಕರ ನಾಯಿಯ ಸರಪಣಿ ಕುತ್ತಿಗೆಗೆ ಬಿಗಿದು ಆಕೆಯ ಮೇಲೆ ಲೈಂಗಿಕ ಹಲ್ಲೆ ಮಾಡಿದ. ಮಿದುಳಿಗೆ ರಕ್ತ ನಿಂತಿತು. ಮರುದಿನ ಬೆಳಿಗ್ಗೆಯೇ ಆಕೆ ಸಿಕ್ಕಿದ್ದು. ಇಲ್ಲಿ ಹಲ್ಲೆ ಮಾಡಿದವನು ಹುದ್ದೆಯಲ್ಲಿ ಕೆಳಗಿನವನು. ಆಕೆ ಅವನ ತಪ್ಪನ್ನು ಎತ್ತಿ ಗದರಿಸಿದ್ದವಳು. ಅಧಿಕಾರ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ, ಗೊತ್ತಿದೆ. ಆದರೆ ನಾನು ಎತ್ತಿ ತೋರಿಸಬೇಕೆಂದಿರುವುದು ಆಮೇಲೆ ನಡೆದದ್ದನ್ನು. ಆಕೆಗೆ ಮದುವೆ ಗೊತ್ತಾಗಿತ್ತು. ಹೆಸರು ಕೆಡಬಾರದೆಂದು ಲೈಂಗಿಕ ಹಲ್ಲೆಯ ವಿಷಯ ದೂರಿನಲ್ಲಿ ಬರಲೇ ಇಲ್ಲ. ಅವನ ಮೇಲೆ ನಿಂತದ್ದು ದರೋಡೆ ಮತ್ತು ಕೊಲೆಯತ್ನ. ಏಳು ವರ್ಷ ಸಜೆ ಮುಗಿಸಿ ಅವನು ಹೊರಗೆ ಬಂದ. ಅರುಣಾ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ ಇದ್ದು 2015ರ ಮೇ 18ರಂದು ತೀರಿಕೊಂಡರು. ಯಾರ ಮಾನ ಉಳಿಯಿತು? ಯಾವ ಮದುವೆ ನಡೆಯಿತು? ಮುಚ್ಚಿಟ್ಟದ್ದರಿಂದ ಲಾಭವಾದದ್ದು ಒಬ್ಬನಿಗೆ ಮಾತ್ರ.

ಆಕೆಯನ್ನು ಅಷ್ಟು ವರ್ಷ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವರು ತಲೆಮಾರು ಬದಲಾದಂತೆ ಬಂದ ಕೆ.ಇ.ಎಂ. ನರ್ಸ್‌ಗಳು. ಹಲ್ಲೆಯಾದಾಗ ಮುಷ್ಕರ ಹೂಡಿದವರೂ ಅವರೇ, ಆಕೆಯನ್ನು ಅಲ್ಲಿಂದ ಸಾಗಿಸಲು ಹೊರಟಾಗ ಅಡ್ಡ ನಿಂತವರೂ ಅವರೇ. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, 2011ರ ಮಾರ್ಚ್ 7ರ ತೀರ್ಪು ಅವರ ಆರೈಕೆಯನ್ನು ಬಾಯಿತುಂಬ ಹೊಗಳಿತು. ಆಸ್ಪತ್ರೆಯೊಂದಕ್ಕೆ ಹೆಸರು ಬರುವುದು ಹೀಗೆ.

ಹೆಸರಿನ ಚಿಂತೆ ನಮ್ಮ ಸೀಮೆಗೂ ಇರಬೇಕಾದದ್ದೇ. ಘಟಪ್ರಭೆಯಲ್ಲಿ 1929ರಲ್ಲಿ ಡಾ. ಕೊಕಟನೂರರು ಆರೋಗ್ಯಧಾಮ ಕಟ್ಟಿದಾಗಿನಿಂದ ದೂರದೂರದ ರೋಗಿಗಳು ನಂಬಿ ಬಂದ ನೆಲ ಇದು. ಆ ನಂಬಿಕೆಯ ಮೇಲೆ ಕಲೆ ಬೀಳುವುದು ದೂರಿನಿಂದಲ್ಲ. 2022ರ ಜೂನ್‌ನಲ್ಲಿ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ ತುಂಬಿದ್ದ ಏಳು ಭ್ರೂಣಗಳು ಸಿಕ್ಕವು. ಅಧಿಕಾರಿಗಳು ಒಂದು ಖಾಸಗಿ ಆಸ್ಪತ್ರೆಗೆ ಬೀಗ ಜಡಿದರು. ಅದರಲ್ಲಿ ಯಾರ ತಪ್ಪು ಎಷ್ಟು ಎಂಬುದು ನನ್ನ ವಿಷಯವಲ್ಲ. ನಾನು ಕೇಳುವುದು ಬೇರೆ: ಇಂಥದ್ದು ಊರಿಗೆ ಗೊತ್ತಾಗಬೇಕಾದರೆ ಹಳ್ಳದ ನೀರು ಬಂದು ಹೇಳಬೇಕೇ? ದವಾಖಾನೆಯ ಒಳಗಿನ ಕಿರಿಯರಿಗೆ ಹೆದರದೆ ಹೇಳುವ ಜಾಗ ಇರಬೇಡವೇ? 2021ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಆರೋಗ್ಯ ಇಲಾಖೆಯ ಹಿರಿಯ ವೈದ್ಯಾಧಿಕಾರಿಯೊಬ್ಬರು ಕಚೇರಿಯ ಮಹಿಳಾ ಸಿಬ್ಬಂದಿಯೊಡನೆ ನಡೆದುಕೊಂಡ ರೀತಿಯ ಮೇಲೆ ಅಮಾನತಾದರು. ವಿಡಿಯೊಗಳು ಊರೆಲ್ಲ ಹರಿದಾಡಿದ ಮೇಲೆ ಬಂಧನವಾಯಿತು. ಆ ಹೆಂಗಸರ ಮುಖಗಳು ಸಾವಿರಾರು ಮೊಬೈಲುಗಳಲ್ಲಿ ತಿರುಗಿದ್ದು ಯಾರ ಮಾನ ಕಾಯ್ದಂತಾಯಿತು? ಕಾಯ್ದೆ ಹೇಳಿದ ಗೋಪ್ಯ ವಿಚಾರಣೆಯೇ ಹೆಣ್ಣಿಗೂ ಸಂಸ್ಥೆಗೂ ಕಡಿಮೆ ನೋವಿನ ದಾರಿ.

ಇನ್ನೊಂದು ಮಾತು ವೈದ್ಯ ಮಿತ್ರರಿಗೆ. ‘ಮನೆ ಮಾತು ಹೊರಗ ಹಾಕಬಾರದು’ ಎನ್ನುತ್ತೀರಿ. ಮೇಲೆ ಹೇಳಿದ 2002ರ ನಿಯಮಗಳಲ್ಲೇ, ವೃತ್ತಿಬಾಂಧವರ ಅನೈತಿಕ ನಡತೆಯನ್ನು ಭಯ ಪಕ್ಷಪಾತವಿಲ್ಲದೆ ಬಯಲಿಗೆಳೆಯುವುದು ವೈದ್ಯನ ಕರ್ತವ್ಯ ಎಂದು ಬರೆದಿದೆ. ಹಾಗಾಗಿ ನೋಡಿಯೂ ಸುಮ್ಮನಿದ್ದ ಸಹೋದ್ಯೋಗಿಯನ್ನು ಸಭ್ಯ ಎನ್ನಲು ಬರುವುದಿಲ್ಲ. ಆತನೂ ನಿಯಮ ಮುರಿದವನೇ.

“ನಮ್ಮಲ್ಲಿ ಸಮಿತಿ ಐತಲ್ಲ? ಒಂದೂ ದೂರು ಬಂದಿಲ್ಲ.”

ಕೊನೆಯ ಆಕ್ಷೇಪ ಇದು, ಎಲ್ಲಕ್ಕಿಂತ ಜಾಣತನದ್ದು. ಸಮಿತಿ ಇದ್ದರೆ ಅದರ ಸದಸ್ಯರ ಹೆಸರು, ಫೋನ್ ನಂಬರು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳೆಯಾಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ಹೊರಗಿನವರೆಂದು ಸಾಹೇಬರ ಗೆಳೆಯ ವಕೀಲರನ್ನೋ ಆಡಳಿತ ಮಂಡಳಿಯ ಬೀಗರನ್ನೋ ಬರೆದುಕೊಂಡಿದ್ದರೆ ಆ ಸಮಿತಿ ಫೈಲಿನಲ್ಲಿ ಮಾತ್ರ ಇದೆ. ಅಂಥದ್ದಕ್ಕೆ ದೂರು ಬರದಿರುವುದು ಊರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕ್ಲಿನಿಕ್‌ಗಳಲ್ಲಿ ಸಮಿತಿ ಮಾಡಬೇಕಿಲ್ಲ. ಅಲ್ಲಿಯವರೂ, ದವಾಖಾನೆಯ ಮಾಲೀಕನ ಮೇಲೆಯೇ ದೂರಿರುವವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮೂಡಲಗಿಯ ನರ್ಸ್ ಒಂದು ದಿನದ ಪಗಾರ ಬಿಟ್ಟು ಬೆಳಗಾವಿಗೆ ಹೋಗಿ ಬರಲಿ ಎಂದು ಕಾಯ್ದೆ ಬಯಸಿಲ್ಲ. ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ದೂರು ಪಡೆದು ಏಳು ದಿನದೊಳಗೆ ಜಿಲ್ಲಾ ಸಮಿತಿಗೆ ಮುಟ್ಟಿಸಬೇಕು ಎಂದಿದೆ. ಮೂಡಲಗಿ ಈಗ ಗೋಕಾಕದ ಭಾಗವಲ್ಲ, ಸ್ವಂತ ತಾಲ್ಲೂಕು. ಅಲ್ಲಿಗೂ ಒಬ್ಬರು ಬೇಕು. 2024ರ ಡಿಸೆಂಬರ್ 3ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಅದೇ ಫರ್ನಾಂಡಿಸ್ ಪ್ರಕರಣದಲ್ಲಿ ಜಿಲ್ಲಾ ಅಧಿಕಾರಿಗಳ ನೇಮಕಕ್ಕೆ ಆ ವರ್ಷದ ಕೊನೆಯ ದಿನವನ್ನೂ, ಸ್ಥಳೀಯ ಸಮಿತಿಗಳಿಗೆ 2025ರ ಜನವರಿ 31ನ್ನೂ ಗಡುವಾಗಿ ಕೊಟ್ಟಿತು. ತಾಲ್ಲೂಕುಗಳಿಗೆ ನೋಡಲ್ ಅಧಿಕಾರಿಗಳನ್ನು ನೇಮಿಸಿ ಎಂದೂ ಹೇಳಿತು.

ಓದುಗರಲ್ಲಿ ಕೇಳುವುದು ಇಷ್ಟು. ಮುಂದಿನ ಸಲ ಗೋಕಾಕದ, ಮೂಡಲಗಿಯ, ಹುಕ್ಕೇರಿಯ ಯಾವುದೇ ದವಾಖಾನೆಗೆ ಹೋದಾಗ, ಚೀಟಿ ಮಾಡಿಸಿ ಸಾಲಿನಲ್ಲಿ ನಿಂತಿರುವ ಹೊತ್ತಿನಲ್ಲಿ ಗೋಡೆ ನೋಡಿ. ಸಮಿತಿಯ ಹೆಸರುಗಳ ಬೋರ್ಡ್ ಇದೆಯೇ, ತಾಲ್ಲೂಕಿನ ನೋಡಲ್ ಅಧಿಕಾರಿಯ ನಂಬರು ಇದೆಯೇ? ಇಲ್ಲದಿದ್ದರೆ ಆಡಳಿತ ವೈದ್ಯಾಧಿಕಾರಿಯನ್ನು ಕೇಳಿ. ನಿಮ್ಮ ಮಗಳು ಅಲ್ಲಿ ನರ್ಸ್ ಆಗಿದ್ದರೆ ನೀವು ಕೇಳುವುದು ಆಕೆಗೆ ಕಷ್ಟವಾದೀತು, ಆಕೆಯ ಪರವಾಗಿ ಪಕ್ಕದ ಮನೆಯವರು ಕೇಳಲಿ. ದೂರು ಕೊಡಬೇಕಾದವರಿಗೆ ನೆನಪಿರಲಿ, ಘಟನೆ ನಡೆದ ಮೂರು ತಿಂಗಳೊಳಗೆ ಬರೆದುಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲು ಬಾರದಿದ್ದರೆ ಬರೆಸಿಕೊಡುವುದು ಸಮಿತಿಯದೇ ಕೆಲಸ. ಸಮಿತಿಯನ್ನೇ ಮಾಡದ ಮಾಲೀಕನಿಗೆ 26ನೆಯ ಕಲಮಿನಲ್ಲಿ 50,000 ರೂಪಾಯಿವರೆಗೆ ದಂಡವಿದೆ.